ಕಥೆಯಿಲ್ಲದ ಉತ್ತರ

ಒಂದಾನೊಂದು ಊರಿತ್ತಂತೆ. ಆ ಊರಿಗೆ ಬೀದಿಯಿಲ್ಲ, ಬಾಗಿಲಿಲ್ಲ. ಜನ ತಂತಮ್ಮ ಮನೆಯಲ್ಲೇ ಕೂತು ಫೋನಿನ ಗಾಜಿನೊಳಗೆ ಇಣುಕಿದರೆ ಸಾಕು, ಊರು ಕಾಣುತ್ತಿತ್ತು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರ ಊರು ಅದು. ಅದಕ್ಕೊಬ್ಬ ಕಾವಲುಗಾರ. ಅವನನ್ನು ಅಡ್ಮಿನ್ ಎನ್ನುತ್ತಿದ್ದರು. ಅವನ ಕಾನೂನು ಒಂದೇ: ಕೇಳಿದ್ದಕ್ಕಷ್ಟೇ ಉತ್ತರ. ಯಾರಾದರೂ ಗೆರೆ ದಾಟಿದರೆ ಅವರ ಮಾತು ಮಾಯವಾಗಿ, ಆ ಜಾಗದಲ್ಲಿ ‘ವಿಷಯಾಂತರ. ಅಳಿಸಲಾಗಿದೆ’ ಎಂಬ ಮುದ್ರೆ ಬೀಳುತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಮುದುಕ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ತೊಟ್ಟಿಯ ನೀರೇಕೆ ಹಸಿರಾಯಿತು ಎಂದು ಯಾರಾದರೂ ಕೇಳಿದರೆ, ಹಿಂದೊಮ್ಮೆ ತನ್ನ ಬಸ್ಸಿನಲ್ಲಿ ನಿದ್ದೆ ಹೋಗಿ ಮದುವೆ ತಪ್ಪಿಸಿಕೊಂಡ ಮದುಮಗನ ಕಥೆ ಶುರು ಮಾಡುವನು. ಮುದ್ರೆ ಬೀಳುವುದು. ಮರುದಿನ ಇನ್ನೊಂದು ಕಥೆ. ಎಲ್ಲರೂ ಅವನನ್ನು ಸುತ್ತುದಾರಿ ತಾತ ಎಂದು ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಆ ತಾತ ತನ್ನ ತೊಟ್ಟಿಯ ಕೆಳಗೆ ಸತ್ತು ಬಿದ್ದಿದ್ದ.

* * *

ಮೊದಲು ನೋಡಿದ್ದು ಮಗಳು. ಆಸ್ಪತ್ರೆಯಲ್ಲಿ ನರ್ಸ್. ಬೇರೆಯವರ ಪಾಳಿಯನ್ನೂ ಸೇರಿಸಿ ಮಾಡಿ, ಮಾರನೆಯ ದಿನ ಮನೆಗೆ ಬಂದಾಗ ಬಾಗಿಲು ಬರೀ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ.

ಇನ್‌ಸ್ಪೆಕ್ಟರ್ ಒಳಗೆ ಕಾಲಿಟ್ಟಾಗ ತೊಟ್ಟಿಯ ದೀಪ ಉರಿಯುತ್ತಲೇ ಇತ್ತು. ನೀರು ಗುಳುಗುಳು ಎನ್ನುತ್ತಿತ್ತು. ಕಬ್ಬಿಣದ ಸ್ಟ್ಯಾಂಡಿನ ಮೂಲೆಯಲ್ಲಿ ರಕ್ತ ಒಣಗಿತ್ತು. ಎರಡು ಕುರ್ಚಿಗಳು ಎದುರುಬದುರಾಗಿದ್ದವು. ಒಂದು ಮಗುಚಿತ್ತು.

“ಜಾರಿ ಬಿದ್ದಿರಬೇಕು ಮೇಡಂ,” ಎಂದ ದಫೇದಾರ. ಹೊಟ್ಟೆ ಬಂದ, ಹಳೆಯ ಮನುಷ್ಯ. “ನೀರಿನ ಮನೆ. ನೆಲ ಪಾಚಿ.”

“ನೆಲ ಒಣಗಿದೆ. ಫೋನೆಲ್ಲಿ?”

ಮನೆಯೆಲ್ಲ ಜಾಲಾಡಿದರು. ಫೋನಿಲ್ಲ.

ವೈದ್ಯರು ಮಂಡಿಯೂರಿ ನೋಡಿ ಎದ್ದರು. “ಎದೆಗೆ ಕೈಹಾಕಿ ನೂಕಿದ್ದಾರೆ. ಗುರುತಿದೆ. ನಿನ್ನೆ ಮಧ್ಯಾಹ್ನದಿಂದ ರಾತ್ರಿಯೊಳಗೆ ಯಾವಾಗಾದ್ರೂ ಆಗಿರಬಹುದು.” ಆಮೇಲೆ ದನಿ ತಗ್ಗಿಸಿದರು. “ಬಿದ್ದ ತಕ್ಷಣ ಹೋಗಿಲ್ಲ ಇವರು. ಸುಮಾರು ಹೊತ್ತು ಉಸಿರಾಡಿದ್ದಾರೆ. ಯಾರಾದ್ರೂ ಒಂದು ಫೋನ್ ಮಾಡಿದ್ದಿದ್ರೆ…”

ಮಗಳು ಅಡುಗೆಮನೆಯ ಕಟ್ಟೆಗೊರಗಿ ನಿಂತಿದ್ದಳು. ಸಮವಸ್ತ್ರ ಬದಲಿಸಿರಲಿಲ್ಲ. ಅಳು ಇನ್ನೂ ಬಂದಿರಲಿಲ್ಲ.

“ನಿನ್ನೆ ಬೆಳಿಗ್ಗೆ ಅಪ್ಪನಿಗೆ ಎರಡು ಬಸವನಹುಳು ತಂದುಕೊಟ್ಟೆ,” ಎಂದಳು. “ಗಾಜಿನ ಪಾಚಿ ತಿನ್ನುತ್ವೆ ಅಂತ. ಗುಂಪಿನಲ್ಲಿ ಫೋಟೊ ಹಾಕ್ತೀಯಾ ಅಂದೆ. ಸಂಜೆ ಮೀಟಿಂಗಲ್ಲಿ ಬಾಯಲ್ಲೇ ಹೇಳಿ ಎಲ್ರನ್ನೂ ಆಶ್ಚರ್ಯಪಡಿಸ್ತೀನಿ ಅಂದ್ರು.”

“ನೇರವಾಗಿ ಹಾಗೆ ಅಂದ್ರಾ?”

“ಅಪ್ಪನಾ?” ಅವಳ ತುಟಿ ಒಂದಿಷ್ಟು ಓರೆಯಾಯಿತು. “ಬಾಗಿಲು ಹಾಕಿದೀಯಾ ಅಂತ ಕೇಳಿದ್ರೆ, ಬಾಗಿಲಿಲ್ಲದ ಬಸ್ಸಿನ ಕಥೆ ಹೇಳಿ ಮುಗಿಸಿ, ಆಮೇಲೆ ‘ಹಾಕಿದೀನಮ್ಮ’ ಅನ್ನೋರು.”

ಅಲ್ಲಿಗೆ ಅಳು ಬಂತು. ಇನ್‌ಸ್ಪೆಕ್ಟರ್ ಲೋಟದಲ್ಲಿ ನೀರು ತಂದುಕೊಟ್ಟಳು.

“ಮೇಡಂ, ಒಂದು ಕೇಳ್ಲಾ? ನಿನ್ನೆ ಬೆಳಿಗ್ಗೆ ಅಪ್ಪ ಗುಂಪಿನಲ್ಲಿ ಏನೋ ಉದ್ದಕ್ಕೆ ಬರೆದಿದ್ರು. ಕೆಲಸದ ಗಡಿಬಿಡಿ, ಆಮೇಲೆ ಓದೋಣ ಅಂದ್ಕೊಂಡೆ. ಊಟದ ಹೊತ್ತಿಗೆ ನೋಡಿದ್ರೆ ಅಳಿಸಿಬಿಟ್ಟಿದ್ರು. ಅದು ಅಪ್ಪನ ಕೊನೇ ಮಾತು. ನಾನು ಓದಲೇ ಇಲ್ಲ. ಅದನ್ನ ಎಲ್ಲಿತ್ತೋ ಅಲ್ಲಿಗೇ ವಾಪಸ್ ಹಾಕಿಸಿಕೊಡಿ.”

“ಹಾಕಿಸ್ತೀನಿ,” ಎಂದಳು ಇನ್‌ಸ್ಪೆಕ್ಟರ್.

ದಫೇದಾರ ಕೆಮ್ಮಿದ. ಹೊರಗೆ ಬಂದಮೇಲೆ ಪಿಸುಗುಟ್ಟಿದ: “ಕೊಲೆಗಾರನ್ನ ಹಿಡಿಯೋದು ಬಿಟ್ಟು ಇದೇನು ಮೇಡಂ, ಕಳೆದ ಕಥೆ ಹುಡುಕೋದು?”

“ಎರಡೂ ಹುಡುಕೋಣ. ಮನೆಗೆ ಬೀಗ ಹಾಕಿ ಮೊಹರು ಮಾಡಿ. ಮೀನಿಗೆ ದಿನಾ ಊಟ ಹಾಕೋ ಜವಾಬ್ದಾರಿ ನಿಮ್ಮದು.”

“ನನ್ನ ಹೆಂಡ್ತಿ ನನಗೇ ಸರಿಯಾಗಿ ಹಾಕಲ್ಲ,” ಎಂದು ಗೊಣಗುತ್ತ ಅವನು ಬೀಗ ತರಲು ಹೋದ.

* * *

ಮೀಟಿಂಗು ನಡೆದಿದ್ದು ಮೀನಿನ ಅಂಗಡಿಯ ಮಹಡಿಯಲ್ಲಿ. ಮಡಚುವ ಕುರ್ಚಿಗಳು ಇನ್ನೂ ಸಾಲಾಗಿದ್ದವು. ಅಂಗಡಿಯ ಯಜಮಾನಿ ಗಟ್ಟಿ ದನಿಯ ಹೆಂಗಸು. ಮೊಣಕೈವರೆಗೆ ಕೈ ಒದ್ದೆ.

“ತಾತ ಬರ್ಲಿಲ್ಲ. ನಿನ್ನೆ ಅವರಿಗೇ ಮುಖ್ಯ ದಿನ. ಈ ಅಡ್ಮಿನ್‌ನ ಇಳಿಸಿ ತಾತನ್ನೇ ಅಡ್ಮಿನ್ ಮಾಡೋಣ ಅಂತ ಮಾತಾಗಿತ್ತು. ತಾತ ಇಲ್ಲದೆ ಹೇಗೆ ಮಾಡೋದು? ಮುಂದಕ್ಕೆ ಹಾಕಿದ್ವಿ.”

“ತಾತ ಒಪ್ಪಿದ್ರಾ?”

“ಅವರು ಯಾವುದಕ್ಕೆ ಹೂಂ ಅಂದ್ರು, ಯಾವುದಕ್ಕೆ ಊಹೂಂ ಅಂದ್ರು ಅಂತ ಯಾರಿಗೆ ಗೊತ್ತಾಗುತ್ತೆ ತಾಯಿ! ಬೆಳಿಗ್ಗೆ ಏನೋ ಉದ್ದಕ್ಕೆ ಬರೆದಿದ್ರು, ಓದೋದ್ರೊಳಗೆ ಅಳಿಸಿ ಹೋಗಿತ್ತು. ಆದ್ರೆ ಸಂಜೆ ಒಂದು ತಮಾಷೆ ಆಯ್ತು. ಮೀಟಿಂಗ್ ನಡೀತಿರುವಾಗ್ಲೇ ಯಾರೋ ಗುಂಪಿನಲ್ಲಿ ಕೇಳಿದ್ರು, ತೊಟ್ಟಿ ನೀರು ಹಾಲಿನ ಹಾಗೆ ಬೆಳ್ಳಗಾಗಿದೆ ಅಂತ. ತಕ್ಷಣ ತಾತನ ಉತ್ತರ. ನೋಡಿ.”

ಅವಳು ಫೋನು ಚಾಚಿದಳು. ತಾತನ ಹೆಸರಿನಲ್ಲಿ ಬರೆದಿತ್ತು:

‘ಊಟ ಕಡಿಮೆ ಹಾಕಿ. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.’

“ತಾತ ಅಂತೂ ದಾರಿಗೆ ಬಂದ್ರು ಅಂತ ಎಲ್ರೂ ಚಪ್ಪಾಳೆ ತಟ್ಟಿದ್ವಿ. ಬೇಕರಿ ಹುಡುಗ ಒಬ್ಬನಿಗೆ ಮಾತ್ರ ಸಿಟ್ಟು ನೆತ್ತಿಗೇರ್ತು. ಹೋದ ತಿಂಗಳು ಅವನ ಮೀನು ಸಾಯ್ತಿರುವಾಗ ಕೈಮುಗಿದು ಕೇಳಿದ್ದ. ಆಗ ತಾತ ಕಥೆ ಶುರು ಮಾಡಿದ್ರು, ಅದೂ ಅಳಿಸಿ ಹೋಯ್ತು. ಒಂದೂ ಮೀನು ಉಳೀಲಿಲ್ಲ. ‘ಇವತ್ತು ಇವರಿಗೆ ಮಾತ್ರ ನೆಟ್ಟಗೆ ಉತ್ತರಾನಾ? ಈಗ್ಲೇ ಹೋಗಿ ಕೇಳ್ತೀನಿ’ ಅಂತ ಬ್ಯಾಗು ಎತ್ತಿಕೊಂಡು ಧಡಧಡ ಇಳಿದ.”

“ಅಡ್ಮಿನ್ ಎಲ್ಲಿದ್ರು?”

“ಇಲ್ಲೇ, ಮುಂದಿನ ಸಾಲಿನಲ್ಲಿ. ಪಕ್ಕದಲ್ಲೇ ಆ ಹುಡುಗ. ಸಂಜೆ ಮೊದಲು ಬಂದು ಕುರ್ಚಿ ಹಾಕಿದ್ದೂ ಅಡ್ಮಿನ್ನೇ, ಕೊನೆಗೆ ದೀಪ ಆರಿಸಿದ್ದೂ ಅವನೇ. ಪಾಪ, ಅವನಿಗೆ ಈ ಗುಂಪು ಬಿಟ್ರೆ ಬೇರೆ ಏನಿದೆ?”

* * *

ಬೇಕರಿ ಹುಡುಗನ ಬ್ಯಾಗಿನ ತಳದಲ್ಲಿ, ಹಿಟ್ಟು ಮೆತ್ತಿದ ಏಪ್ರನ್ನಿನ ಕೆಳಗೆ, ತಾತನ ಫೋನು ಸಿಕ್ಕಿತು. ಅದಕ್ಕೆ ಲಾಕ್ ಇರಲಿಲ್ಲ.

“ನನಗೆ ಗೊತ್ತೇ ಇಲ್ಲ!” ಎಂದು ಅವನು ಠಾಣೆಯಲ್ಲಿ ಕಿರುಚಿದ. “ಬಾಗಿಲು ಬಡಿದೆ, ಯಾರೂ ತೆಗೀಲಿಲ್ಲ. ಒಳಗೆ ದೀಪ ಉರೀತಿತ್ತು. ಬೇಕಂತ್ಲೇ ತೆಗೀತಿಲ್ಲ ಅಂದ್ಕೊಂಡು ಬೈದು ವಾಪಸ್ ಬಂದೆ. ಅಮ್ಮನಾಣೆ, ಅಷ್ಟೇ.”

“ಬಾಗಿಲಿಗೆ ಚಿಲಕ ಇರ್ಲಿಲ್ಲವಲ್ಲೋ ಮಾರಾಯ,” ಎಂದ ದಫೇದಾರ. “ನೂಕಿದ್ರೆ ತೆಗೀತಿತ್ತು.”

“ಬೇರೆಯವರ ಮನೆ ಬಾಗಿಲು ನೂಕ್ತಾರಾ ಯಾರಾದ್ರೂ?”

ಇನ್‌ಸ್ಪೆಕ್ಟರ್ ಅವನ ಎದುರು ಕೂತಳು. “ನಿನ್ನ ಮೀನು ಹೇಗೆ ಸತ್ತವು?”

ಹುಡುಗ ಕಣ್ಣು ಪಿಳುಕಿಸಿದ. ಕೊಲೆಯ ವಿಚಾರಣೆಯಲ್ಲಿ ಮೀನಿನ ಮಾತೇಕೆಂದು ಅವನಿಗೆ ತಿಳಿಯಲಿಲ್ಲ. “ನೀರು ಬೆಳ್ಳಗಾಯ್ತು. ಸ್ಪಂಜು ಗಲೀಜಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ ತೊಳೆದೆ. ದಿನಾ ತೊಳೆದೆ. ಒಂದೊಂದೇ ಮೇಲೆ ತೇಲಿದ್ವು.” ಮೂಗು ಒರೆಸಿಕೊಂಡ. “ಹಾಗೆ ತೊಳೀಬಾರದು ಅಂತ ನಿನ್ನೆ ಮೀಟಿಂಗಲ್ಲಿ ಆ ಉತ್ತರ ಓದಿದ ಮೇಲೇ ಗೊತ್ತಾಗಿದ್ದು. ಹೊಟ್ಟೆ ಉರೀತು ಮೇಡಂ.”

ಸಂಜೆಗೆ ಫೋನ್ ಕಂಪನಿಯವರ ಮಾಹಿತಿ ಬಂತು. ಆ ಉತ್ತರ ಬರೆದ ಹೊತ್ತಿನಲ್ಲಿ ತಾತನ ಫೋನು ತಾತನ ಮನೆಯಲ್ಲಿರಲಿಲ್ಲ. ಮೀನಿನ ಅಂಗಡಿಯ ಬೀದಿಯಲ್ಲಿತ್ತು.

ದಫೇದಾರ ತೊಡೆ ತಟ್ಟಿದ. “ಅಂದ್ರೆ ಮೊದಲೇ ಕೊಂದು, ಫೋನು ತಂದು, ಅಲ್ಲಿ ಕೂತು ಬರೆದಿದ್ದಾನೆ ಬೇಕರಿಯವನು. ಮುಗೀತು ಕೇಸು.”

“ಬರೆದವನಿಗೆ ಸ್ಪಂಜಿನ ವಿಷಯ ಗೊತ್ತಿತ್ತು. ಈ ಹುಡುಗನಿಗೆ ಗೊತ್ತಿದ್ದಿದ್ರೆ ಅವನ ಮೀನು ಸಾಯ್ತಿರ್ಲಿಲ್ಲ.”

“ಮತ್ಯಾರು?”

ಇನ್‌ಸ್ಪೆಕ್ಟರ್ ಆ ಉತ್ತರವನ್ನು ಮತ್ತೆ ಓದಿದಳು. ಅದರಲ್ಲಿ ಬಸ್ಸಿರಲಿಲ್ಲ. ಮದುಮಗನಿರಲಿಲ್ಲ. ಒಂದು ಪದವೂ ಹೆಚ್ಚಿರಲಿಲ್ಲ.

“ತಾತನ ಹಾಗೆ ನಟಿಸೋಕೆ ಹೊರಟವನು ಒಂದು ಸುಳ್ಳು ಕಥೆಯನ್ನಾದ್ರೂ ಸೇರಿಸಬೇಕಿತ್ತು. ಇವನ ಕೈಲಿ ಆಗಿಲ್ಲ,” ಎಂದಳು ಮೆಲ್ಲಗೆ. “ಕೊಲೆ ಮಾಡಿ ಬಂದು ಕೂತಾಗಲೂ ವಿಷಯಾಂತರ ಮಾಡೋಕೆ ಇವನ ಕೈಗೆ ಬರ್ಲಿಲ್ಲ.”

* * *

ಅಡ್ಮಿನ್ ಕೆಲಸ ಮಾಡುತ್ತಿದ್ದುದು ಲಿಫ್ಟ್ ಕಂಪನಿಯೊಂದರ ದೂರು ವಿಭಾಗದಲ್ಲಿ. ಕಿಟಕಿಯಿಲ್ಲದ ಕೋಣೆ. ಕಿವಿಗೆ ಹೆಡ್‌ಫೋನ್. ಮೇಜಿನ ಮೇಲೆ ಪೆನ್ನುಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು.

“ಲಿಫ್ಟ್ ನಂಬರ್ ಹೇಳಿ. ನಂಬರ್ ಮಾತ್ರ. ನಿಮ್ಮ ಅತ್ತೆಯವರ ಮಂಡಿನೋವು ನನಗೆ ಬೇಡ,” ಎನ್ನುತ್ತಿದ್ದ ಯಾರಿಗೋ. ಒಳಗೆ ಬಂದ ಪೊಲೀಸರಿಬ್ಬರನ್ನು ಕಂಡು ಫೋನಿಟ್ಟ. “ಕೇಳಿ. ಏನು ಬೇಕು?”

“ತಾತನ ಮನೆಗೆ ಹೋಗಿದ್ರಾ ಎಂದಾದ್ರೂ?”

“ಇಲ್ಲ. ಯಾವತ್ತೂ ಇಲ್ಲ.”

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಆರಾಮಾಗಿ ಕೂತಳು. “ನಮ್ಮಜ್ಜಿ ಒಂದು ಕಥೆ ಹೇಳ್ತಿದ್ರು. ಒಬ್ಬ ರಾಜ, ಅವನಿಗೆ ಮಾತು ಕಂಡ್ರೆ ಆಗ್ತಿರ್ಲಿಲ್ಲವಂತೆ…”

ಅಡ್ಮಿನ್ನನ ಬೆರಳು ಮೇಜಿನ ಮೇಲೆ ಕುಟ್ಟತೊಡಗಿತು. ರಾಜ ಗಿಳಿಗಳನ್ನು ಗಡಿಪಾರು ಮಾಡಿದ. ಹೊಳೆಗೆ ಹತ್ತಿ ತುರುಕಿಸಿದ. ಬೆರಳು ಇನ್ನೂ ಜೋರಾಯಿತು.

“ವಿಷಯಕ್ಕೆ ಬನ್ನಿ.”

“ಬಂದೆ. ಆ ರಾಜನಿಗೊಬ್ಬ ಮಗಳು. ಅವಳು ಹೊಳೆಯಿಂದ ಮೀನು ತಂದಳಂತೆ. ತಾತನ ಮಗಳು ಅವತ್ತು ಬೆಳಿಗ್ಗೆ ತೊಟ್ಟಿಗೆ ಬಿಟ್ಟಳಲ್ಲ, ಪಾಚಿ ತಿನ್ನೋ ಎರಡು ಕಪ್ಪು ಮೀನು, ಅಂಥದ್ದೇ…”

“ಮೀನಲ್ಲ ಅವು,” ಎಂದ ಅಡ್ಮಿನ್. “ಬಸವನಹುಳು.”

ಕೋಣೆಯಲ್ಲಿ ದೂರಿನ ಫೋನು ಹೊಡೆದುಕೊಳ್ಳುತ್ತಿತ್ತು. ಯಾರೂ ಎತ್ತಲಿಲ್ಲ.

“ಅವು ತೊಟ್ಟಿಗೆ ಬಿದ್ದಿದ್ದು ತಾತ ಸತ್ತ ದಿನ ಬೆಳಿಗ್ಗೆ,” ಎಂದಳು ಇನ್‌ಸ್ಪೆಕ್ಟರ್. “ಫೋಟೊ ಹಾಕಿರ್ಲಿಲ್ಲ. ಮಗಳು ನಮಗೆ ಬಿಟ್ರೆ ಬೇರೆ ಯಾರಿಗೂ ಹೇಳಿಲ್ಲ. ಮನೆಗೆ ಮೊಹರಿದೆ. ನೀವು ಯಾವತ್ತೂ ಹೋಗದ ಮನೆ. ಎಲ್ಲಿ ನೋಡಿದ್ರಿ?”

ಅವನು ಮೇಜಿನ ಪೆನ್ನುಗಳತ್ತ ಕಣ್ಣಿಟ್ಟ. ಅವಳೇ ಮುಂದುವರಿಸಿದಳು. “ಮೀಟಿಂಗಿಗೆ ಮೊದಲು ಹೋದ್ರಿ. ನೂಕಿದ್ರಿ. ಫೋನು ತಗೊಂಡ್ರಿ. ಎಲ್ಲರ ಕಣ್ಣೆದುರು ಕೂತು ಅದರಿಂದ ಉತ್ತರ ಬರೆದ್ರಿ, ಆಗ ತಾತ ಬದುಕಿದ್ರು ಅಂತ ಜನ ನಂಬಲಿ ಅಂತ. ಹುಡುಗ ಸಿಟ್ಟಾಗಿ ಎದ್ದಾಗ ಅವನ ಬ್ಯಾಗಿಗೆ ಫೋನು ಜಾರಿಸಿದ್ರಿ. ಎಲ್ಲ ಸರಿಯಾಗಿತ್ತು. ಉತ್ತರವೂ ಸರಿಯಾಗಿತ್ತು. ಅದೇ ತಪ್ಪಾಗಿದ್ದು.”

ಅಡ್ಮಿನ್ ಒಂದು ಪೆನ್ನನ್ನು ನೆಟ್ಟಗೆ ಮಾಡಿದ. “ಹನ್ನೆರಡು ವರ್ಷ ಕಟ್ಟಿದ ಗುಂಪು ಅದು. ದಿನವಿಡೀ ಇಲ್ಲಿ ಕಂಡವರ ಹರಟೆ ಕೇಳಿ ಮನೆಗೆ ಹೋದ್ರೆ, ಅದೊಂದು ಜಾಗ ಚೊಕ್ಕಟವಾಗಿರ್ತಿತ್ತು. ಅದನ್ನೂ ಕಿತ್ಕೊಳ್ಳೋಕೆ ಹೊರಟ್ರು. ನಾನು ಜಗಳಕ್ಕೆ ಹೋಗಿರ್ಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳೋಕೆ ಹೋಗಿದ್ದೆ. ‘ನನ್ನ ಜಾಗಕ್ಕೆ ನಿಮ್ಮನ್ನ ಕೂರಿಸ್ತಾರಂತೆ. ಒಪ್ಕೊಂಡ್ರಾ? ಹೌದು ಅಥವಾ ಇಲ್ಲ.’ ಅಷ್ಟೇ ಕೇಳಿದ್ದು. ಆ ಮನುಷ್ಯ ಬಸವನಹುಳು ತೋರಿಸಿದ. ನಕ್ಕ. ‘ನಮ್ಮ ಡಿಪೋದಲ್ಲಿ ಒಬ್ಬ ವಾಚ್‌ಮನ್ ಇದ್ದ’ ಅಂತ ಶುರು ಮಾಡಿದ.”

“ಉಸಿರಾಡ್ತಿದ್ರು, ಗೊತ್ತಿತ್ತಾ?”

ಅವನು ಹೌದೆಂದು ತಲೆಯಾಡಿಸಿದ.

“ಅವರ ಫೋನು ನಿಮ್ಮ ಕೈಲೇ ಇತ್ತು. ಅದರಲ್ಲಿ ಸ್ಪಂಜು ತೊಳೆಯೋದು ಹೇಗೆ ಅಂತ ಬರೆದ್ರಿ.”

ದಫೇದಾರ ಕೈಕೋಳ ಹೊರತೆಗೆದ.

* * *

ಅಳಿಸಿದ ಮಾತುಗಳು ಪೂರ್ತಿ ಸಾಯುತ್ತಿರಲಿಲ್ಲ. ಅಡ್ಮಿನ್ ಒಬ್ಬನೇ ತೆರೆಯಬಲ್ಲ ಒಂದು ಹಿತ್ತಲ ಕೋಣೆಯಲ್ಲಿ ಹೋಗಿ ಬೀಳುತ್ತಿದ್ದವು. ಠಾಣೆಯಲ್ಲಿ ಅವನೇ ಪಾಸ್‌ವರ್ಡ್ ಹೇಳಿದ. ಇನ್‌ಸ್ಪೆಕ್ಟರ್ ತೆರೆದಳು. ತಾತನ ಕಥೆಗಳು ಒಂದರ ಮೇಲೊಂದು ರಾಶಿಬಿದ್ದಿದ್ದವು.

“ಇವನ್ನ ಪೂರ್ತಿ ಓದಿದ್ರಾ?”

“ಮೊದಲ ಸಾಲು ಸಾಕಿತ್ತು,” ಎಂದ ಅಡ್ಮಿನ್.

ಅವಳು ಬೇಕರಿ ಹುಡುಗನಿಗೆ ಬರೆದದ್ದನ್ನು ಹುಡುಕಿದಳು. ಕುಡುಕ ಡ್ರೈವರೊಬ್ಬನ ಉದ್ದನೆಯ ಕಥೆ. ಕೊನೆಯ ಸಾಲು: ‘ಮಗೂ, ಸ್ಪಂಜು ನಲ್ಲಿಯಲ್ಲಿ ತೊಳೆಯಬೇಡ, ನೀರು ಶುಚಿಮಾಡುವ, ಕಣ್ಣಿಗೆ ಕಾಣದ ಒಳ್ಳೆಯ ಹುಳುಗಳು ಸಾಯುತ್ತವೆ.’ ಇನ್ನೊಂದು ತೆರೆದಳು. ಮತ್ತೊಂದು. ಪ್ರತಿ ಕಥೆಯ ಬಾಲದಲ್ಲೂ ಉತ್ತರವಿತ್ತು.

ಆಮೇಲೆ ಆ ದಿನ ಬೆಳಿಗ್ಗೆಯದನ್ನು ತೆರೆದು, ಪರದೆಯನ್ನು ಅಡ್ಮಿನ್ನನ ಕಡೆ ತಿರುಗಿಸಿದಳು. ಗಾಜಿನ ಪಾಚಿ ಹೋಗಲು ಏನು ಮಾಡಬೇಕೆಂದು ಯಾರೋ ಕೇಳಿದ್ದರು.

‘ನಮ್ಮ ಡಿಪೋದಲ್ಲಿ ಒಬ್ಬ ವಾಚ್‌ಮನ್ ಇದ್ದ. ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು. ಎಲ್ಲರೂ ಅವನನ್ನು ಶಪಿಸುವವರೇ. ಒಂದು ದಿನ ಅವನಿಗೆ ಜ್ವರ ಬಂತು, ಅವನ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ಬಂದವರನ್ನೆಲ್ಲ ಬನ್ನಿ ಬನ್ನಿ ಎಂದು ಗೇಟು ತೆಗೆದೆ, ಮಾತಿಗೆ ನಿಂತೆ. ಸಂಜೆಗೆ ಡಿಪೋ ತುಂಬ ಲಾರಿ, ಕೈಗಾಡಿ, ನಾಯಿ. ಒಂದು ಬಸ್ಸೂ ಹೊರಡಲಿಲ್ಲ. ಅವನು ಜ್ವರದಲ್ಲೇ ಎದ್ದು ಬಂದು ಸರಿಮಾಡಿದ. ಅದಕ್ಕೇ ಕೇಳಿಕೊಳ್ಳುತ್ತೇನೆ, ನನ್ನನ್ನು ಅಡ್ಮಿನ್ ಮಾಡಬೇಡಿ. ಈಗಿರುವ ಹುಡುಗನೇ ಸರಿ. ಅವನು ಅಳಿಸುತ್ತಾನೆಂಬ ಧೈರ್ಯದ ಮೇಲೇ ನಾನು ಬಾಯಿಗೆ ಬಂದದ್ದು ಬರೆಯುವುದು. ಇವತ್ತು ಮೀಟಿಂಗಿನಲ್ಲಿ ಅವನ ಪಕ್ಕ ಕೂತು ಇದನ್ನೇ ಹೇಳುತ್ತೇನೆ. ಪಾಚಿಗೆ: ದೀಪ ಕಡಿಮೆ ಹೊತ್ತು ಉರಿಸಿ.’

ಅಡ್ಮಿನ್ ಕೊನೆಯವರೆಗೂ ಓದಿದ. ಮತ್ತೆ ಮೇಲಿನಿಂದ ಓದಿದ. ದಫೇದಾರ ಅವನ ತೋಳು ಹಿಡಿದು ಒಳಗೆ ಕರೆದೊಯ್ದ. ಅದೇ ಬಾಗಿಲಿನಿಂದ ಬೇಕರಿ ಹುಡುಗ ಹೊರಗೆ ಬಂದ.

ಇನ್‌ಸ್ಪೆಕ್ಟರ್ ಒಬ್ಬಳೇ ಉಳಿದಳು. ಆ ಬರಹದ ಕೆಳಗೆ ‘ಮರಳಿ ಸೇರಿಸು’ ಎಂಬ ಗುಂಡಿಯಿತ್ತು. ಒತ್ತಿದಳು. ಮುದ್ರೆ ಅಳಿಸಿಹೋಯಿತು. ಪಾಚಿಯ ಪ್ರಶ್ನೆಯ ಕೆಳಗೆ, ಎಲ್ಲಿತ್ತೋ ಅಲ್ಲಿಯೇ, ತಾತನ ಮಾತು ಬಂದು ಕೂತಿತು.

ಅವಳು ಮಗಳಿಗೆ ಫೋನು ಮಾಡಿದಳು.

“ಹಾಕಿದೀನಮ್ಮ,” ಎಂದಳು. “ಕೊನೇವರೆಗೂ ಓದು.”