ಇಬ್ಬನಿ ಬಿದ್ದ ದಿನ ಕಳೆದ ಪಾಸ್‌ಪೋರ್ಟ್

ಬಾಗಿಲು ಬಡಿದ ರೀತಿಗೇ ಹಾಸ್ಟೆಲ್ಲಿನ ವ್ಯಾನ್ ಓಡಿಸುವ ಕ್ಲಾರಿಗೆ ಗೊತ್ತಾಯಿತು, ಇವತ್ತಿನ ದಿನ ಕೆಟ್ಟಿತು ಅಂತ. ಗುರುವಾರ, ಬೆಳಿಗ್ಗೆ ಏಳು ಗಂಟೆ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಅವನು ವ್ಯಾನ್ ತುಂಬ ಹುಡುಗ ಹುಡುಗಿಯರನ್ನು ಕಿತ್ತಳೆ ತೋಟಕ್ಕೆ ಬಿಟ್ಟು ವಾಪಸ್ ಬಂದಿರುತ್ತಿದ್ದ. ಆದರೆ ಆ ವಾರದಲ್ಲಿ ಮೊದಲ ಸಲ ಇಬ್ಬನಿ ಸುರಿದಿತ್ತು. ಅದು ಆರುವ ತನಕ ಯಾರನ್ನೂ ಕರೆತರಬೇಡ, ಎಂಟೂವರೆಗೆ ಹೊರಡು ಅಂತ ತೋಟದ ಮೇಸ್ತ್ರಿ ಆರೂ ಹತ್ತಕ್ಕೆ ಫೋನ್ ಮಾಡಿದ್ದ. ಹುಡುಗರು ಖುಷಿಯಾಗಿ ಮತ್ತೆ ಮುಸುಕೆಳೆದು ಮಲಗಿದ್ದರು. ಕ್ಲಾರಿ ಗ್ಲೆನಿಸಳ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತ ಮೇಸ್ತ್ರಿಗೆ ಬಾಯಿ ತುಂಬ ಬೈಯುತ್ತಿದ್ದ.

ಗ್ಲೆನಿಸ್ ಬಗ್ಗೆ ಒಂದು ಮಾತು. ಮೂವತ್ತು ವರ್ಷ ಹಣ್ಣಿನ ಶೆಡ್ಡಿನಲ್ಲಿ ಕಾಯಿ ನೋಡಿ ಒಳ್ಳೇದು ಕೆಟ್ಟದ್ದು ಬೇರೆ ಮಾಡಿದ ಹೆಂಗಸು. ನಿವೃತ್ತಿಯಾದ ಮೇಲೆ ಕುರಾಲ್ಬಾ ಊರಿನ ಈ ಹಾಸ್ಟೆಲ್ಲಿನ ಕೊನೇ ಕೋಣೆಯಲ್ಲೇ ಬಿಡಾರ ಹೂಡಿದ್ದಳು. ಮನುಷ್ಯರನ್ನೂ ಕಾಯಿ ನೋಡಿದ ಹಾಗೇ ತಿರುಗಿಸಿ ತಿರುಗಿಸಿ ನೋಡುವಳು. ಕಳುವಾದ ಫೋನು, ಮಾಯವಾದ ಬೂಟು, ಎಲ್ಲವನ್ನೂ ಪತ್ತೆ ಹಚ್ಚಿ ಕೊಟ್ಟಿದ್ದಳು. ಪೊಲೀಸ್ ಠಾಣೆ ಎಪ್ಪತ್ತು ಕಿಲೋಮೀಟರ್ ಆಚೆಗಿರುವ ಊರಲ್ಲಿ ಅವಳೇ ಠಾಣೆ, ಕ್ಲಾರಿಯೇ ಅವಳ ಪೇದೆ.

ಬಾಗಿಲಲ್ಲಿ ನಿಂತವಳು ತೈವಾನಿನ ಹುಡುಗಿ ಪೇ-ಶಾನ್. ತಲೆಗೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಆಂಟಿ, ನನ್ನ ಪಾಸ್‌ಪೋರ್ಟ್ ಇಲ್ಲ. ಆರೂವರೆಗೆ ದಿಂಬಿನ ಕೆಳಗಿತ್ತು. ಸ್ನಾನ ಮಾಡಿ ಬರೋದ್ರೊಳಗೆ ಇಲ್ಲ."

"ದುಡ್ಡು?"

"ದುಡ್ಡು, ಫೋನು ಎಲ್ಲಾ ಇದೆ. ಕೆಂಪು ಚೀಲದಲ್ಲಿ ಜೊತೆಗೇ ಇತ್ತು. ಅದೊಂದೇ ಇಲ್ಲ."

"ನೀನು ಇವತ್ತು ಊರಿಗೆ ಹೊರಟಿದ್ದೀ ಅಲ್ವಾ? ಏನೋ ಮನೆ ಕೆಲಸ ಅಂದಿದ್ದೆ."

ಪೇ-ಶಾನ್ ಕ್ಲಾರಿಯ ಮುಖ ನೋಡಿದಳು. ಅವನು ಎದ್ದು ಹೋಗಬೇಕೆಂದಿದ್ದ, ಗ್ಲೆನಿಸ್ ಕೈಸನ್ನೆ ಮಾಡಿ ಕೂರಿಸಿದಳು.

"ಅಪ್ಪನಿಗೆ ತುಂಬ ಜೋರಾಗಿದೆ," ಅಂದಳು ಹುಡುಗಿ. "ನಾಳೆ ದಾಟೋದು ಕಷ್ಟ ಅಂದಿದ್ದಾರೆ ಡಾಕ್ಟರು. ಹತ್ತು ಗಂಟೆ ಬಸ್ಸು ಹಿಡಿದ್ರೆ ಮಧ್ಯಾಹ್ನ ಒಂದಕ್ಕೆ ಕರಾವಳಿಯಿಂದ ಸಣ್ಣ ವಿಮಾನ ಇದೆ, ರಾತ್ರಿ ದೊಡ್ಡ ವಿಮಾನ. ನಾಳೆ ಬೆಳಿಗ್ಗೆ ಇಲ್ಲಿನ ಎಂಟೂವರೆಯಷ್ಟೊತ್ತಿಗೆ ಅಪ್ಪನ ಹತ್ತಿರ ಇರ್ತೀನಿ. ಯಾರಿಗೂ ಹೇಳಬೇಡಿ ಆಂಟಿ. ನಾನು ಯಾರಿಗೂ ಹೇಳಿಲ್ಲ."

ಆ ಬಸ್ಸು ದಿನಕ್ಕೊಂದೇ. ಕ್ಲಾರಿ ಚಹಾ ಲೋಟ ಕೆಳಗಿಟ್ಟ. ಇವನಿಗೂ ಅಪ್ಪನಿದ್ದ, ಇವನೂ ಹೀಗೇ ತಡವಾಗಿ ಹೋದವನು.

ಪೇ-ಶಾನ್ ಕೋಣೆಗೆ ಎರಡು ಬಾಗಿಲು. ಒಂದು ಒಳಗಿನ ಹಜಾರಕ್ಕೆ, ಇನ್ನೊಂದು ಹಿಂದಿನ ಜಗಲಿಗೆ. ಗ್ಲೆನಿಸ್ ದಿಂಬನ್ನು ಮುಟ್ಟಲೂ ಇಲ್ಲ, ನೇರ ಜಗಲಿಗೆ ಹೋಗಿ ನಿಂತಳು. ಬಟ್ಟೆ ಒಣಹಾಕುವ ಹಿತ್ತಿಲಿನ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಅದರ ನಡುವೆ ಹಸಿರಾಗಿ ಎರಡು ಸಾಲು ಹೆಜ್ಜೆ. ಒಂದು ಸಾಲು ಬೇಲಿಯಿಂದ ಜಗಲಿಗೆ, ಇನ್ನೊಂದು ಜಗಲಿಯಿಂದ ಬೇಲಿಗೆ. ಬೇಲಿಯ ಆಚೆ ಹಿಂದಿನ ರಸ್ತೆ.

"ಚೆನ್ನಾಗಿ ನೋಡ್ಕೋ ಕ್ಲಾರಿ. ಇನ್ನೊಂದು ಗಂಟೇಲಿ ಬಿಸಿಲು ಇದನ್ನ ನುಂಗುತ್ತೆ."

ಆದರೂ ಅವಳು ಸುಮ್ಮನಿರಲಿಲ್ಲ. ವ್ಯಾನಿಗೆ ಹತ್ತುವ ಹನ್ನೊಂದು ಮಂದಿಯ ಚೀಲ, ಜೇಬು, ಬುತ್ತಿ ಡಬ್ಬಿ ಎಲ್ಲ ತಡಕಿದಳು. ಹೊಲದಲ್ಲಿ ದುಡಿಯುತ್ತ ದೇಶ ನೋಡಬಹುದು ಅಂತ ವೀಸಾ ಪಡೆದು ಹೊರದೇಶಗಳಿಂದ ಬಂದವರು ಪಾಪ. ವರ್ಷವಿಡೀ ಟೊಮೇಟೊ, ಗೆಣಸು, ಕಿತ್ತಳೆ ನೋಡಿದ್ದೇ ಬಂತು. ಚೀಲದಲ್ಲಿ ಹರಿದ ಕೈಗವಸು ಬಿಟ್ಟರೆ ಏನಿರುತ್ತೆ. ಎಂಟೂವರೆಗೆ ಹೊರಟು ಕ್ಲಾರಿ ಅವರನ್ನು ತೋಟಕ್ಕೆ ಬಿಟ್ಟು ಬಂದ.

ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಜಗಳ. ಹಾಸ್ಟೆಲ್ ಮಾಲೀಕ ವೇಡ್, ಪೇ-ಶಾನ್ ಕೋಣೆಯಲ್ಲೇ ಇದ್ದು ಹಾಸ್ಟೆಲ್ ಗುಡಿಸಿ ಒರೆಸುವ ಎಸ್ಟೋನಿಯಾದ ಕೈಸಾಳ ಮೇಲೆ ಹರಿಹಾಯುತ್ತಿದ್ದ.

"ಮೊನ್ನೆ ತಾನೆ ಅವಳ ಅನ್ನದ ಪಾತ್ರೆ ಎತ್ತಿ ಅಂಗಳಕ್ಕೆ ಎಸೆದವಳು ನೀನು. ಇನ್ಯಾರು ತಗೊಳ್ತಾರೆ?"

"ತಳ ಹಿಡಿಸಿದ್ಳು, ಎಸೆದೆ. ಪಾಸ್‌ಪೋರ್ಟ್ ತಗೊಂಡು ನಾನೇನು ಸೂಪು ಮಾಡ್ಲಾ? ಆರೂವರೆಯಿಂದ ಏಳರ ತನಕ ನಾನು ಇದೇ ನೆಲ ಒರೆಸ್ತಿದ್ದೆ, ನೀನು ಇದೇ ಬಾಗಿಲಲ್ಲಿ ನಿಂತು ಫೋನಲ್ಲಿ ಕೊಳಾಯಿಯವನಿಗೆ ಉಗೀತಿದ್ದೆ. ನನ್ನ ತಲೆ ಮೇಲಿಂದಲೇ ಉಗಿದೆ. ಮರೆತೆಯಾ?"

ವೇಡ್ ಬಾಗಿಲ ಕಡೆ ಸರಿದ.

ಅಷ್ಟರಲ್ಲಿ ಗವೀನೊ ಬಂದ. ಸಾರ್ಡಿನಿಯಾದವನು, ಇಪ್ಪತ್ತೊಂಬತ್ತು ವರ್ಷ, ತನ್ನದೇ ಲಟಾರಿ ಕಾರಿನಲ್ಲಿ ಓಡಾಡುವವನು. ಅವನೂ ಪೇ-ಶಾನೂ ಟೊಮೇಟೊ ಹೊಲ ಬಿಟ್ಟು ಸೋಮವಾರವಷ್ಟೇ ಕಿತ್ತಳೆಗೆ ಸೇರಿದ್ದರು. ಅಲ್ಲಿ ಕೆಲಸ ಕೊಡುವುದೇ ಜೋಡಿಗೆ. ಇಬ್ಬರು ಸೇರಿ ಒಂದು ದೊಡ್ಡ ಪೆಟ್ಟಿಗೆ ತುಂಬಬೇಕು. ಒಬ್ಬರು ಬಿಟ್ಟರೆ ಇನ್ನೊಬ್ಬರೂ ಮನೆಗೆ.

"ಏನಾಯ್ತು ಸಿನ್ಯೋರಾ? ಪೇ-ಶಾನಿಗೆ ಟಾಟಾ ಹೇಳೋಣ ಅಂತ ಕೆಲಸ ಬಿಟ್ಟು ಬಂದೆ." ಅವನು ಕೇಳಿದ್ದು ಮೇಜಿನ ಬಳಿ ಕೂತಿದ್ದ ಗ್ಲೆನಿಸಳನ್ನು; ಸಿನ್ಯೋರಾ ಅಂದರೆ ಅವನ ಭಾಷೆಯಲ್ಲಿ ಅಮ್ಮಾವ್ರು.

"ಪಾಸ್‌ಪೋರ್ಟ್ ಕಳುವಾಗಿದೆ ಕಣೋ. ಬೆಳಿಗ್ಗೆ ಎಲ್ಲಿದ್ದೆ?"

"ಆರಕ್ಕೇ ಹೊರಟೆ. ಆರೂವರೆಯಿಂದ ಒಬ್ಬನೇ ಕೊಯ್ತಾ ಇದ್ದೆ, ಆ ಕೊನೇ ಸಾಲಲ್ಲಿ. ಅರ್ಧ ಪೆಟ್ಟಿಗೆ ಆಯ್ತು."

"ಒಬ್ಬನೇ ಅರ್ಧ ಪೆಟ್ಟಿಗೆ. ಗಟ್ಟಿಗ."

"ಏ, ಕಾಲು ಒರೆಸ್ಕೊಂಡು ಬಾ," ಕೈಸಾ ಗದರಿದಳು. "ಒರೆಸಿದ ನೆಲಕ್ಕೆಲ್ಲ ಮರಳು ತಂದೆ."

ಗವೀನೊ ಬಗ್ಗಿ ಬೂಟು ನೋಡಿಕೊಂಡ. ಗ್ಲೆನಿಸ್ ಕೂಡ ನೋಡಿದಳು. ಆಮೇಲೆ ಎದ್ದು ಬಾಗಿಲು ಹಾಕಿದಳು.

"ಎಲ್ಲರೂ ಕೂತ್ಕೊಳ್ಳಿ. ಒಂಬತ್ತೂ ಕಾಲು. ಬಸ್ಸಿಗೆ ಮುಕ್ಕಾಲು ಗಂಟೆ ಇದೆ, ಉದ್ದ ಎಳೆಯಲ್ಲ." ಪೇ-ಶಾನಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಕದ್ದವನಿಗೆ ದುಡ್ಡು ಬೇಕಿರಲಿಲ್ಲ, ಫೋನ್ ಬೇಕಿರಲಿಲ್ಲ. ಇವಳು ಹೋಗಬಾರದು, ಅಷ್ಟೇ ಬೇಕಿತ್ತು. ಕೋಣೆ ಕೆದಕಿಲ್ಲ, ಅಂದ್ರೆ ಜಾಗ ಗೊತ್ತಿತ್ತು. ಎಲ್ಲಿಡ್ತೀಯ ಅಂತ ಯಾರಿಗೆ ಗೊತ್ತಮ್ಮ?"

"ಕೈಸಾಗೆ. ಗವೀನೊಗೆ. ನಿನ್ನೆ ಅವನ ಕಾರಲ್ಲೇ ಕೂತು ಟಿಕೆಟ್ ಮಾಡಿಸ್ದೆ. ದಿಂಬಿನ ಕೆಳಗೇ ಇಟ್ಕೊಂಡು ಮಲಗ್ತೀನಿ ಅಂತ ಹೇಳಿದ್ದೆ."

"ಕೈಸಾ ನೆಲ ಒರೆಸ್ತಿದ್ದಳು. ವೇಡ್ ಸಾಕ್ಷಿ, ಅದೂ ಅವಳನ್ನ ಕಂಡ್ರಾಗದ ಸಾಕ್ಷಿ. ವೇಡ್‌ಗೆ ಅವಳೇ ಸಾಕ್ಷಿ. ಮೇಲಾಗಿ ಕಳ್ಳ ಒಳಗಿನಿಂದ ಬಂದಿಲ್ಲ. ಇವಳು ಸ್ನಾನಕ್ಕೆ ಹೋಗೋದನ್ನ ಕಾದು, ಬೇಲಿ ಹಾರಿ, ಇಬ್ಬನಿ ತುಳಿದು ಬಂದಿದ್ದಾನೆ, ಅದೇ ದಾರೀಲಿ ಹೋಗಿದ್ದಾನೆ. ಹಿಂದಿನಿಂದ ಬಂದವನಿಗೆ ಮುಂದೆ ವ್ಯಾನ್ ನಿಂತಿದ್ದು ಕಂಡಿಲ್ಲ. ಉಳಿದವರೆಲ್ಲ ಎಂದಿನ ಹಾಗೆ ಆರೂಕಾಲಿಗೇ ಹೋಗಿದ್ದಾರೆ ಅಂದ್ಕೊಂಡ."

ಗವೀನೊ ನಕ್ಕ. "ನಾನು ತೋಟದಲ್ಲಿದ್ದೆ ಅಂದ್ನಲ್ಲ."

"ತೋಟದಲ್ಲಿ ಹುಲ್ಲು ಮೊಣಕಾಲುದ್ದ ಇದೆ. ಇಬ್ಬನೀಲಿ ಎರಡು ಗಂಟೆ ಕೊಯ್ದವನ ಪ್ಯಾಂಟು ಹಿಂಡಿದ್ರೆ ನೀರು ಬರಬೇಕು. ನಿನ್ನದು ಪೂರ್ತಿ ಒಣಗಿದೆ. ಬೂಟು ಮಾತ್ರ ನೆನೆದಿದೆ, ಹಿತ್ತಿಲ ಹುಲ್ಲು ನೆನೆಸುವಷ್ಟು. ಒದ್ದೆ ಬೂಟಿಗೇ ಆ ಬಿಳಿ ಮರಳು ಅಂಟಿರೋದು. ತೋಟದ ಮಣ್ಣು ಕೆಂಪು ಕಣಪ್ಪ. ಬಿಳಿ ಮರಳು ಇರೋದು ಹೊಳೇಲಿ."

"ಸಿನ್ಯೋರಾ..."

"ಇರು. ಇಷ್ಟೇ ಆಗಿದ್ರೆ ಏನಾದ್ರೂ ಹೇಳಿ ಜಾರ್ಕೋತಿದ್ದೆ. ನೀನು ಕಿತ್ತಳೆಗೆ ಹೊಸಬ. ಟೊಮೇಟೊ ಕತ್ತಲಲ್ಲೂ ಕೀಳ್ತಾರೆ. ಈ ವಾರ ನಿನ್ನೆವರೆಗೂ ಬೆಳಿಗ್ಗೆ ಒಣಗಾಳಿ ಇತ್ತು, ಹಾಗಾಗಿ ನಿನಗೆ ಗೊತ್ತಾಗಿಲ್ಲ. ಒದ್ದೆ ಕಿತ್ತಳೆಗೆ ಇಲ್ಲಿ ಯಾರೂ ಕೈ ಹಚ್ಚಲ್ಲ, ಹಚ್ಚಿದ್ರೆ ಮಾರನೇ ದಿನಕ್ಕೆ ಸಿಪ್ಪೆ ಕಲೆಗಟ್ಟುತ್ತೆ. ಇವತ್ತು ಒಂಬತ್ತರ ತನಕ ಆ ತೋಟದಲ್ಲಿ ಒಂದೇ ಒಂದು ಕಾಯಿ ಕೊಯ್ದಿಲ್ಲ. ಎಂಟೂವರೆವರೆಗೆ ಕ್ಲಾರಿ ವ್ಯಾನು ಇಲ್ಲೇ ಇತ್ತು. ನೀನು ತೋಟದ ಗೇಟಿಗೆ ಹೋಗಿದ್ರೂ ಈ ಸುಳ್ಳು ಹೇಳ್ತಿರಲಿಲ್ಲ."

ಗವೀನೊ ಕ್ಲಾರಿಯತ್ತ ತಿರುಗಿದ. ಕ್ಲಾರಿ ತಲೆಯಾಡಿಸಿದ. ಹುಡುಗನ ಮುಖದಲ್ಲಿ ನಗು ಹಾಗೇ ಉಳಿದುಕೊಂಡಿತ್ತು, ಕಣ್ಣು ಮಾತ್ರ ಬೇರೆಯಾಗಿತ್ತು.

"ಒಂಬತ್ತು ದಿನ," ಅಂದ. "ನಂದು ಎಪ್ಪತ್ತೊಂಬತ್ತು ಆಗಿದೆ. ಎಂಬತ್ತೆಂಟು ದಿನ ಹೊಲದಲ್ಲಿ ದುಡಿದ್ರೆ ಇನ್ನೊಂದು ವರ್ಷ ಇರೋಕೆ ಬಿಡ್ತಾರೆ. ವೀಸಾ ಮುಗಿಯೋಕೆ ಹನ್ನೆರಡೇ ದಿನ. ಇವಳು ಹೋದ್ರೆ ಮೇಸ್ತ್ರಿ ನನ್ನೂ ಕಳಿಸ್ತಾನೆ. ಊರಲ್ಲಿ ಏನಿದೆ ನನಗೆ? ಅಣ್ಣನ ಮನೆ ಸೋಫಾ. ಇವಳು ಬೇಜಾರಾಗಿ ಹೋಗ್ತಿದ್ದಾಳೆ ಅಂದ್ಕೊಂಡೆ. ಮನೆ ಕೆಲಸ ಅಂದ್ಳು. ಮನೆ ಕೆಲಸ ಒಂಬತ್ತು ದಿನ ಕಾಯಲ್ವಾ ಅಂತ..."

ಗ್ಲೆನಿಸ್ ಪೇ-ಶಾನಳನ್ನು ನೋಡಿದಳು. ಹುಡುಗಿ ತಲೆ ತಗ್ಗಿಸಿ, ಹೂಂ ಅಂದಳು.

"ಅವಳಪ್ಪ ಸಾಯ್ತಾ ಇದ್ದಾನೆ," ಅಂದಳು ಗ್ಲೆನಿಸ್.

ಗವೀನೊ ಕುರ್ಚಿಯನ್ನು ಬೀಳಿಸಿಕೊಂಡೇ ಎದ್ದ.

"ಹೊಳೇಲಿ ಹೂತಿದ್ದೀನಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಮೇಲೆ ಕಲ್ಲಿಟ್ಟಿದ್ದೀನಿ. ಬನ್ನಿ, ಬೇಗ ಬನ್ನಿ."

ಕ್ಲಾರಿ ಆ ವ್ಯಾನನ್ನು ಹಾಗೆ ಓಡಿಸಿದ್ದು ಅದೇ ಮೊದಲು. ಹನ್ನೆರಡು ನಿಮಿಷಕ್ಕೆ ಹೊಳೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸಿಕ್ಕಿಬಿಡುತ್ತೆ ಅಂತ ಅವನಿಗೆ ಒಳಗೊಳಗೇ ಧೈರ್ಯ ಬಂದಿತ್ತು. ಆದರೆ ಬತ್ತಿದ ಹೊಳೆ ನೂರು ಮಾರು ಅಗಲ. ಮರಳು ಎಷ್ಟೋ ಕಲ್ಲು ಅಷ್ಟೇ. ಬೆಳಿಗ್ಗೆ ಕವಿದಿದ್ದ ಮಂಜಿನಲ್ಲಿ ಗವೀನೊ ಗುರುತಿಟ್ಟುಕೊಂಡಿದ್ದ ಮರ, ಈಗ ಬಿಸಿಲಲ್ಲಿ ನೋಡಿದರೆ ಅಂಥವೇ ಎಂಟಿದ್ದವು. ಅವನು ಕೈಯಲ್ಲೇ ತೋಡಿದ. ಎಲ್ಲರೂ ತೋಡಿದರು. ಮಾಲೀಕ ವೇಡ್ ಕೂಡ ಮಂಡಿಯೂರಿದ. ಕೈಸಾ ಅಳುತ್ತ ಕಲ್ಲು ಉರುಳಿಸಿದಳು. ಹತ್ತಾಯಿತು, ಹನ್ನೊಂದಾಯಿತು. ಇನ್ನು ಹುಡುಕಿ ಫಲವಿಲ್ಲ, ಕರಾವಳಿಗೆ ಎರಡು ಗಂಟೆ ದಾರಿ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ನಿಲ್ಲಿಸಲಿಲ್ಲ. ಹನ್ನೆರಡೂ ಕಾಲಿಗೆ ಕ್ಲಾರಿಯ ಕೈಗೇ ಸಿಕ್ಕಿತು. ಒಂದು ಹನಿ ನೀರು ತಾಗಿರಲಿಲ್ಲ. ಅದನ್ನು ಪೇ-ಶಾನ್ ಕೈಗಿಡುವಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ವಿಮಾನದ ಟಿಕೆಟ್ಟು ಮಾರನೇ ದಿನಕ್ಕೆ ಬದಲಾಯಿತು. ಶುಕ್ರವಾರ ಬೆಳಿಗ್ಗೆ ಅವಳು ಚೀಲ ಹಿಡಿದು ಬಸ್ ಸ್ಟಾಪಿನಲ್ಲಿದ್ದಾಗ, ಒಂಬತ್ತೂ ನಲವತ್ತಕ್ಕೆ ಫೋನ್ ಬಂತು. ಅವಳಮ್ಮ. ಮಾತು ಎರಡೇ ನಿಮಿಷ. ಗುರುವಾರದ ಬಸ್ಸು ಹಿಡಿದಿದ್ದರೆ ಅಷ್ಟು ಹೊತ್ತಿಗೆ ಅವಳು ಅಪ್ಪನ ಪಕ್ಕ ಕೂತು ಒಂದು ಗಂಟೆಯಾಗಿರುತ್ತಿತ್ತು. ಇದನ್ನು ಲೆಕ್ಕ ಹಾಕಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅಲ್ಲಿದ್ದವರೆಲ್ಲ ಹಾಕಿದ್ದರು. ಗ್ಲೆನಿಸ್ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಕ್ಲಾರಿಗೆ ಸಿಟ್ಟು ಬಂತು, ಗ್ಲೆನಿಸ್ ಮೇಲೆ, ಕಳ್ಳನನ್ನು ಹಿಡಿದೂ ಹುಡುಗಿಯನ್ನು ಅಪ್ಪನ ಹತ್ತಿರ ತಲುಪಿಸಲಾಗದ ಅವಳ ಬುದ್ಧಿವಂತಿಕೆ ಮೇಲೆ, ಅದನ್ನು ಮೆಚ್ಚಿ ತಲೆಯಾಡಿಸಿದ ತನ್ನ ಮೇಲೂ.

ಗವೀನೊ ಆಚೆ ಬದಿಯಲ್ಲಿ ನಿಂತಿದ್ದ. ಮೇಸ್ತ್ರಿ ಬೆಳಿಗ್ಗೆಯೇ ಅವನನ್ನು ಬಿಡಿಸಿದ್ದ. ಎಪ್ಪತ್ತೊಂಬತ್ತಕ್ಕೇ ನಿಂತಿತು. ಅವನು ರಸ್ತೆ ದಾಟಿ ಬಂದ.

"ನನಗ್ಯಾಕೆ ಹೇಳಲಿಲ್ಲ ನೀನು?"

"ಬಾಯಲ್ಲಿ ಹೇಳಿದ್ರೆ ಹಾಗೇ ಆಗಿಬಿಡುತ್ತೆ ಅಂತ ನಮ್ಮನೇಲಿ ಹೆದರ್ತಾರೆ. ನಾನೂ ಹೆದರ್ದೆ."

"ಹೇಳಿದ್ದಿದ್ರೆ ನಾನು..."

"ಗೊತ್ತು," ಅಂದಳು ಪೇ-ಶಾನ್. "ಹೇಳಿದ್ದಿದ್ರೆ ನೀನೇ ನಿನ್ನ ಕಾರಲ್ಲಿ ಕರ್ಕೊಂಡು ಹೋಗಿ ವಿಮಾನ ಹತ್ತಿಸಿ ಬರ್ತಿದ್ದೆ. ಅದು ಗೊತ್ತಿರೋದ್ರಿಂದ ನಿನ್ನ ಮೇಲೆ ಸಿಟ್ಟೂ ಬರ್ತಿಲ್ಲ ಗವೀನೊ. ಸಿಟ್ಟಾದ್ರೂ ಇದ್ದಿದ್ರೆ, ಊರಿಗೆ ಅದನ್ನಾದ್ರೂ ಹಿಡ್ಕೊಂಡು ಹೋಗ್ತಿದ್ದೆ."

ಬಸ್ಸು ಬಂತು. ಅವಳ ಚೀಲವನ್ನು ಅವನೇ ಒಳಗಿಟ್ಟ.