ಆರು ಕಿಲೋಮೀಟರಿನ ಬೀಗ

"ನೀವು ಎಷ್ಟು ಜೋರಾಗಿ ನಡೀತಿದ್ರಿ?"



ಬ್ಯಾಟರಿ ಸ್ಕೂಟರುಗಳ ಸಾಲಿನ ನಡುವೆ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅವಳು ತಲೆಯೆತ್ತಿದಳು. ಹಿಂದೆ ನಿಂತಿದ್ದ ಅಣ್ಣನ ಮುಖ ಕೆಂಪಾಯಿತು.

"ಏನ್ರೀ ಇದು, ಗಾಯಕ್ಕೆ ಉಪ್ಪು ಸವರೋ ಮಾತು! ನಡೆಯೋಕಾಗಲ್ಲ ಅಂತ ತಾನೇ ಇಲ್ಲಿಗೆ ಬಂದಿರೋದು!"

ಎಣ್ಣೆಮಸಿಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ ಮೆಕ್ಯಾನಿಕ್ ಅಣ್ಣನ ಕಡೆ ತಿರುಗಲೇ ಇಲ್ಲ. ಅವಳನ್ನೇ ನೋಡುತ್ತಿದ್ದ.

"ಅದು ಗೊತ್ತಾಗ್ದೆ ಇವರಿಗೆ ಯಾವ ಗಾಡಿ ಅಂತ ಹೇಗೆ ಹೇಳ್ಲಿ?"

ಅಪಘಾತವಾದ ಮೇಲೆ ಎಂಟು ತಿಂಗಳಿಂದ ಎಲ್ಲರೂ ಅವಳ ವಿಷಯವನ್ನು ಅಣ್ಣನ ಹತ್ತಿರವೇ ಕೇಳುತ್ತಿದ್ದರು. ಊಟ ಮಾಡ್ತಾಳಾ? ನಿದ್ದೆ ಬರುತ್ತಾ? ಅವಳನ್ನೇ ಕೇಳಿದ ಮೊದಲ ಮನುಷ್ಯ ಇವನು. ಸಂತೋಷವಾಗಬೇಕಿತ್ತು... ಸಿಟ್ಟಾದರೂ ಬರಬೇಕಿತ್ತು.

ಅವಳಿಗೆ ಏನೂ ಅನ್ನಿಸಲಿಲ್ಲ.

"ಟಪಾಲು ಚೀಲ ತುಂಬಿದ್ರೆ ಗಂಟೆಗೆ ಐದು ಕಿಲೋಮೀಟರ್," ಅಂದಳು. "ಖಾಲಿಯಾಗ್ತಾ ಬಂದ್ರೆ ಆರು."

"ಅಬ್ಬಾ! ನಿಮ್ಮ ಜೊತೆ ನಡೆಯೋರ ಪಾಡೇನು?"

"ನನ್ನ ಜೊತೆ ಯಾರೂ ನಡೀತಿರ್ಲಿಲ್ಲ."

ಒಂಬತ್ತು ವರ್ಷ ಅವಳು ಟಪಾಲು ಹಂಚಿದ್ದಳು. ಒಂದೇ ಬಡಾವಣೆ, ಏಳು ಕಿಲೋಮೀಟರ್, ನೂರ ಎಂಬತ್ತು ಮನೆ. ಅಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಮುದುಕರಿಂದ ಮಕ್ಕಳವರೆಗೂ ಎಲ್ಲರಿಗೂ ಅವಳು ಟಪಾಲಕ್ಕ.

ಒಂದು ಭಾನುವಾರ ಅಣ್ಣನ ಬೈಕಿನ ಹಿಂದೆ ಕುಳಿತು ಹೋಗುತ್ತಿದ್ದಾಗ ತಿರುವಿನಲ್ಲಿ ಮರಳಿಗೆ ಚಕ್ರ ಜಾರಿತು. ಅಣ್ಣನಿಗೆ ಮೊಣಕೈ ತರಚಿತು. ಅವಳಿಗೆ ಬೆನ್ನುಮೂಳೆ ಮುರಿಯಿತು. ಈಗ ಕೋಲು ಊರಿ ಹತ್ತು ಹೆಜ್ಜೆ ಇಟ್ಟರೆ ಹೆಚ್ಚು. ಸೊಂಟದ ಕೆಳಗೆ ಮರಗಟ್ಟಿದೆ ಎಂದು ವೈದ್ಯರು ಬರೆದಿದ್ದರು. ಎಲ್ಲಿಯವರೆಗೆ ಮರಗಟ್ಟಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಅಂಚೆ ಕಚೇರಿಯ ಮೇಡಂ ಎರಡು ದಾರಿ ತೋರಿಸಿದ್ದರು. "ಕೌಂಟರ್‌ನಲ್ಲಿ ಕೂತ್ಕೊಂಡು ಸ್ಟ್ಯಾಂಪ್ ಮಾರ್ತೀಯಾ, ಇಲ್ಲಾ ಹೊರಟ ಮೂರು ಗಂಟೆ ಅವಧೀಲಿ ನಿನ್ನ ಬೀದಿಯ ಟಪಾಲು ಹಂಚಿ ಮುಗಿಸಿ ತೋರಿಸ್ತೀಯಾ?"

"ಬೀದಿ," ಎಂದಿತ್ತು ಅವಳ ಬಾಯಿ. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೆಕ್ಯಾನಿಕ್ ಮೂರು ಗಾಡಿಗಳನ್ನು ಮುಂದಕ್ಕೆಳೆದ.

"ಈ ಚಿಕ್ಕದು ಮಡಚಿ ಲಿಫ್ಟಲ್ಲಿ ಇಡಬಹುದು. ಗಂಟೆಗೆ ಆರು, ಅದಕ್ಕಿಂತ ಮೇಲೆ ಹೋಗಲ್ಲ. ಕಾಲುದಾರಿಗೆ ಅಷ್ಟೇ ಸರಿ, ಅಲ್ಲಿ ಜನ ನಡೀತಿರ್ತಾರೆ. ಆದ್ರೆ ಚೀಲದ ಭಾರಕ್ಕೆ ಇದರ ಬ್ಯಾಟರಿ ಅರ್ಧ ದಾರೀಲೇ ಕೈಕೊಡುತ್ತೆ. ಆ ದೊಡ್ಡದು ಹದಿನೈದು ಹೋಗುತ್ತೆ. ನೋಡೋಕೆ ಗಜಗಾಂಭೀರ್ಯ, ನಿಮ್ಮ ಗಲ್ಲಿ ಗೇಟಲ್ಲಿ ತಿರುಗಿಸೋಕೆ ಹೋದ್ರೆ ಸಿಕ್ಕಿಹಾಕ್ಕೊಳ್ಳುತ್ತೆ."

"ನಡುವಿನದು?"

"ಕಾಲುದಾರೀಲಿ ಆರು, ರಸ್ತೆಗಿಳಿದ್ರೆ ಹನ್ನೆರಡು. ಈ ಗುಂಡಿ ತಿರುಗಿಸಿ... ಆಮೆ ಕಡೆಗೆ ನಿಧಾನ, ಮೊಲದ ಕಡೆಗೆ ಜೋರು. ಹೆಬ್ಬೆರಳಲ್ಲಿ ಒತ್ತಿದ್ರೆ ಹೊರಡುತ್ತೆ, ಬಿಟ್ರೆ ತಾನೇ ನಿಲ್ಲುತ್ತೆ. ತಿರುವಿಗೆ ಮುಂಚೆ ಮಾತ್ರ ವೇಗ ಇಳಿಸ್ಲೇಬೇಕು. ತಿರುಗಿಸ್ತಾ ಇಳಿಸೋದಲ್ಲ, ಮುಂಚೆ!"

ಅಂಗಡಿಯ ಹಿಂದಿನ ಖಾಲಿ ರಸ್ತೆಯಲ್ಲಿ ಅವಳು ಗುಂಡಿಯನ್ನು ಮೊಲದ ಕಡೆಗೆ ಪೂರಾ ತಿರುಗಿಸಿದಳು. ಒತ್ತಿದಳು. ಗಾಳಿ ಮುಖಕ್ಕೆ ಬಡಿಯಿತು. ತಿರುವು ಬಂತು. ಬೆರಳು ಸಡಿಲವಾಗಲಿಲ್ಲ.

ತಿರುವಿನ ಒಳಬದಿಯ ಎರಡು ಚಕ್ರ ನೆಲ ಬಿಟ್ಟವು!

"ಬಿಡಿ! ಕೈ ಬಿಡಿ!" ಮೆಕ್ಯಾನಿಕ್ ಓಡಿಬಂದು ಹಿಡಿಯುವಷ್ಟರಲ್ಲಿ ಗಾಡಿ ದಡ್ಡನೆ ನೆಲಕ್ಕೆ ಕೂತಿತ್ತು. ಅವನಿಗೆ ಏದುಸಿರು. ಅಣ್ಣ ಬಿಳಿಚಿಕೊಂಡಿದ್ದ. ಅವಳ ಮುಖದಲ್ಲಿ ಮಾತ್ರ ಗೆರೆಯೂ ಅಲುಗಿರಲಿಲ್ಲ, ಬೇರೆ ಯಾರಿಗೋ ಆದದ್ದನ್ನು ನೋಡಿದವಳ ಹಾಗೆ.

ಆ ಮುಖವನ್ನು ಕಂಡು ಮೆಕ್ಯಾನಿಕ್ ಏನೋ ಹೇಳಹೊರಟ. ನುಂಗಿಕೊಂಡ.

"ನಡುವಿನದನ್ನೇ ಎರಡು ವಾರ ಬಳಸಿ ನೋಡಿ," ಅಂದ. "ನಾಳೆ ತಂದ್ಕೊಡ್ತೀನಿ."

ಮರುದಿನ ಗಾಡಿಯ ಜೊತೆ ಅಳತೆಪಟ್ಟಿಯನ್ನೂ ತಂದ. ಮನೆ ಬಾಗಿಲು ಅಳೆದ, ಲಿಫ್ಟ್ ಅಳೆದ, ಟಪಾಲಿಗೆಂದು ಹಿಡಿಯ ಮುಂದೆ ತಂತಿಬುಟ್ಟಿ ಕೂರಿಸಿದ. ಅಲ್ಲಿಂದ ಮುಂದೆ ದಿನ ಬಿಟ್ಟು ದಿನ ಬಂದು, ಅವಳು ಗಲ್ಲಿಗಳಲ್ಲಿ ನಡಿಗೆಯ ವೇಗದಲ್ಲೇ ಅಭ್ಯಾಸ ಮಾಡುವಾಗ ಪಕ್ಕದಲ್ಲೇ ನಡೆದ.

"ನಿಮಗೆ ಅಂಗಡಿ ಕೆಲಸ ಇಲ್ವಾ?"

"ಇದೇ ಕೆಲಸ. ಮಾರಿದ್ಮೇಲೆ ಬಂದು ರಿಪೇರಿ ಮಾಡೋ ಬದ್ಲು ಮುಂಚೇನೇ ಬರ್ತಿದೀನಿ. ಸೋಮಾರಿತನ!"

ಅವಳು ನಗಲಿಲ್ಲ. ಅವನೂ ಕಾಯಲಿಲ್ಲ. ಅದೇ ಅವಳಿಗೆ ಹಿಡಿಸಿತು. ಮನೆಯಲ್ಲಿ ಎಲ್ಲರೂ ಅವಳ ನಗುವಿಗಾಗಿ ಬಾಗಿಲು ಕಾಯುವವರ ಹಾಗೆ ಕಾಯುತ್ತಿದ್ದರು. ಇವನು ತನ್ನ ಪಾಡಿಗೆ ಬ್ಯಾಟರಿಯ ಬಗ್ಗೆಯೋ, ಯಾರದೋ ಗೇಟಿನ ಕೀಲಿಗೆ ಎಣ್ಣೆ ಬೇಕೆಂದೋ ಮಾತಾಡುತ್ತಿದ್ದ.

ಅವನು ಬಾರದ ದಿನ ಸ್ವಲ್ಪ ಉದ್ದವಾಗುತ್ತಿತ್ತು. ಅದಕ್ಕೇನು ಹೆಸರು ಎಂದು ಅವಳು ಯೋಚಿಸಲಿಲ್ಲ.

ಪರೀಕ್ಷೆಯ ದಿನ ಬಂತು. ಮೇಡಂ ಗಡಿಯಾರ ನೋಡಿ ಕಳಿಸಿದರು. ಗಲ್ಲಿಗಳಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಬಡಾವಣೆಯ ಎರಡು ಭಾಗಗಳ ನಡುವಿನ ಉದ್ದ ರಸ್ತೆಗೆ ಇಳಿದಾಗ ಅವಳು ಗುಂಡಿಯನ್ನು ಮೊಲದ ಕಡೆಗೆ ತಿರುಗಿಸಿದಳು.

ಆರು.

ಇನ್ನೂ ಒತ್ತಿದಳು. ಆರೇ! ಗಾಡಿ ಅದಕ್ಕಿಂತ ಒಂದಿಷ್ಟೂ ಮುಂದಾಗಲಿಲ್ಲ.

ಕಚೇರಿ ಮುಟ್ಟುವಾಗ ಹೊರಟು ಮೂರು ಗಂಟೆ ಐದು ನಿಮಿಷ ಕಳೆದಿತ್ತು. ಮೇಡಂ ಅವಳ ಹೆಗಲು ತಟ್ಟಿ ಒಳಗೆ ಹೋದರು.

ಅವಳು ಸೀಟಿನ ಕೆಳಗಿದ್ದ ಕೈಪಿಡಿಯನ್ನು ತೆಗೆದಳು. ವೇಗ ತೋರಿಸುವ ಪರದೆಯ ಮೂಲೆಯಲ್ಲಿದ್ದ ಪುಟ್ಟ ಬೀಗದ ಗುರುತಿಗೆ ಅದರಲ್ಲಿ ಅರ್ಥ ಕೊಟ್ಟಿತ್ತು. ಗಾಡಿಯ ವೇಗವನ್ನು ಕಟ್ಟಿಹಾಕಲಾಗಿದೆ. ಬಿಡಿಸಲು ಗುಪ್ತಸಂಖ್ಯೆ ಬೇಕು.

ಮನೆಗೆ ಹೋದವಳೇ ಕೇಳಿದಳು. "ಅಣ್ಣ, ನೀನಾ ಹೇಳಿ ಬೀಗ ಹಾಕಿಸಿದ್ದು?"

"ನಿನ್ನಾಣೆ ಇಲ್ಲ ಕಣೇ! ನನ್ನ ಮಾತು ನಡೆಯೋ ಹಾಗಿದ್ರೆ ಆ ಗಾಡೀನೇ ಕೊಡಿಸ್ತಿರ್ಲಿಲ್ಲ!"

ಹಾಗಾದರೆ... ಅವನೇ. ಎರಡು ವಾರ ಪಕ್ಕದಲ್ಲಿ ನಡೆಯುತ್ತಾ, ಅವಳಿಗೆ ಗೊತ್ತಾಗದ ಹಾಗೆ! ಅವನ ಕಣ್ಣಿಗೂ ತಾನು ಕಟ್ಟಿಹಾಕಬೇಕಾದವಳೇ...

ಎದೆಯೊಳಗೆ ಎಲ್ಲೋ ಒಂದು ಬಾಗಿಲು ಮುಚ್ಚಿಕೊಂಡ ಹಾಗಾಯಿತು. ಅಷ್ಟೇ. ನೋವೂ ಇರಲಿಲ್ಲ.

"ಗಾಡಿ ವಾಪಸ್ ಕೊಟ್ಬಿಡು," ಅಂದಳು.

ಮೆಕ್ಯಾನಿಕ್ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮರುವಾರದಿಂದ ಗಾಜಿನ ಹಿಂದೆ ಕುಳಿತು ಸ್ಟ್ಯಾಂಪ್ ಹರಿದುಕೊಡತೊಡಗಿದಳು. ಬೆಳಿಗ್ಗೆ ಒಂಬತ್ತು ಆಗುತ್ತಿತ್ತು, ಸಂಜೆ ಐದು ಆಗುತ್ತಿತ್ತು. ನಡುವಿನದು ಯಾವುದೂ ಅವಳ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ.

ಒಂಬತ್ತನೆಯ ದಿನ ಸಾಲಿನಲ್ಲಿ ಮುಂದೆ ಬಂದವರ ಕೈಯನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಎಣ್ಣೆಮಸಿ.

"ಯಾವ ಸ್ಟ್ಯಾಂಪು?" ಎಂದಳು, ತಲೆಯೆತ್ತದೆ.

"ಬೀಗ ಹಾಕಿದ್ದು ನಾನೇ."

"ಗೊತ್ತು. ಸ್ಟ್ಯಾಂಪು ಬೇಡ ಅಂದ್ರೆ ಸಾಲು ಬಿಡಿ."

"ಅವತ್ತು ತಿರುವಲ್ಲಿ ಚಕ್ರ ಎದ್ದಾಗ ನಿಮ್ಮ ಮುಖ ನೋಡ್ದೆ ನಾನು. ಈ ಅಂಗಡೀಲಿ ಹನ್ನೊಂದು ವರ್ಷ ಆಯ್ತು. ಹೊಸದಾಗಿ ಕೂತವರೆಲ್ಲ ಹೆದರ್ತಾರೆ. ಕಿರುಚ್ತಾರೆ, ನನ್ನನ್ನ ಬೈತಾರೆ. ನೀವು... ಬಿದ್ರೆ ಬೀಳ್ಲಿ ಅನ್ನೋ ಹಾಗೆ ಕೂತಿದ್ರಿ." ಅವನ ದನಿ ಇಳಿಯಿತು. "ಬೀಳೋದಕ್ಕೆ ಹೆದರದೋರ ಕೈಗೆ ಹನ್ನೆರಡು ಕಿಲೋಮೀಟರ್ ಹೇಗ್ರೀ ಕೊಡ್ಲಿ?"

ಅವಳ ಕೈಯಲ್ಲಿದ್ದ ಸ್ಟ್ಯಾಂಪಿನ ಹಾಳೆ ಅಡ್ಡಡ್ಡ ಹರಿದುಹೋಯಿತು.

"ಹೇಳ್ಬಹುದಿತ್ತಲ್ಲ!"

ಆ ಕೂಗಿಗೆ ಇಡೀ ಸಾಲೇ ತಿರುಗಿ ನೋಡಿತು. ಅವಳೇ ಬೆಚ್ಚಿದಳು. ಇದು ಯಾರ ದನಿ? ಆದರೆ ನಿಲ್ಲಿಸಲಾಗಲಿಲ್ಲ.

"ಬಾಯಿ ಇತ್ತಲ್ಲ ನಿಮಗೆ! ಬ್ಯಾಟರಿ ಬಗ್ಗೆ ಗಂಟೆಗಟ್ಲೆ ಕೊರೀತಿದ್ರಲ್ಲ! ಎಲ್ಲರೂ ನನ್ನ ಬೆನ್ನ ಹಿಂದೆ ನಿರ್ಧಾರ ಮಾಡ್ತಾರೆ. ಅಣ್ಣ ಮಾಡ್ತಾನೆ, ಡಾಕ್ಟ್ರು ಮಾಡ್ತಾರೆ... ನೀವೊಬ್ರು ನನ್ನನ್ನೇ ಕೇಳಿದ್ರಿ ಅಂತ... ನೀವೊಬ್ರು..."

ಕೆನ್ನೆ ಒದ್ದೆಯಾಗಿದ್ದು ಗೊತ್ತಾಯಿತು. ಅಪಘಾತವಾದಾಗಿನಿಂದ, ಆಸ್ಪತ್ರೆಯಲ್ಲೂ ಅವಳು ಅತ್ತಿರಲಿಲ್ಲ.

"ತಪ್ಪಾಯ್ತು," ಅಂದ ಅವನು. ಸಮಜಾಯಿಷಿ ಕೊಡಲಿಲ್ಲ. "ನಿಮ್ಮನ್ನ ಕೇಳದೆ ಮಾಡಿದ್ದು ದೊಡ್ಡ ತಪ್ಪು." ಗಾಜಿನ ಕೆಳಗಿನ ಸಂದಿಯಿಂದ ಒಂದು ಚೀಟಿ ತೂರಿಸಿದ. "ಇದು ಗುಪ್ತಸಂಖ್ಯೆ. ಗಾಡಿ ಹೊರಗಡೆ ನಿಲ್ಸಿದೀನಿ. ಬೀಗ ತೆಗೆದು, ಸಂಖ್ಯೆ ಬದಲಾಯಿಸ್ಬಿಡಿ. ನಂಗೂ ಹೇಳ್ಬೇಡಿ."

"ನಾನು ಬಿದ್ರೆ?"

ಅವನು ಕೈಯನ್ನು ಸಂದಿಯಿಂದ ಹಿಂದಕ್ಕೆಳೆದುಕೊಂಡ.

"ಬೀಳೋದು ನಿಮ್ಮ ಹಕ್ಕು ಅಂತ ಹೇಳೋಷ್ಟು ದೊಡ್ಡ ಮನಸ್ಸು ನಂಗಿಲ್ಲ. ನೀವು ಬಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಅದು ನನ್ನ ಸಮಸ್ಯೆ. ಅದಕ್ಕೆ ನಿಮ್ಮ ಗಾಡೀನ ಕಟ್ಟಿಹಾಕಬಾರ್ದಿತ್ತು."

ಸಾಲಿನ ಕೊನೆಯಲ್ಲಿ ಯಾರೋ ಕೆಮ್ಮಿದರು. ಒಳಗಿನಿಂದ ಮೇಡಂ ಹೊರಬಂದು ಇಬ್ಬರನ್ನೂ ನೋಡಿದರು, ಹರಿದ ಹಾಳೆಯನ್ನೂ ನೋಡಿದರು.

"ಗುರುವಾರ ಇನ್ನೊಂದ್ಸಲ ಬೀದಿಗೆ ಹೋಗು ತಾಯಿ. ನೀನಿಲ್ಲೇ ಇದ್ರೆ ನನ್ನ ಸ್ಟ್ಯಾಂಪು ಉಳಿಯಲ್ಲ."

ಗುರುವಾರ ಅಣ್ಣ ಬಾಗಿಲ ತನಕ ಬಂದ. ಹುಷಾರು, ನಿಧಾನ, ಫೋನ್ ಮಾಡು... ಅವನ ಬಾಯಿಗೆ ಬಂದದ್ದೆಲ್ಲ ಅಲ್ಲೇ ಉಳಿಯಿತು.

"ಹೋಗಿ ಬಾ," ಅಂದ.

"ಅಣ್ಣ, ಅವತ್ತು ಆ ತಿರುವಲ್ಲಿ ಮರಳು ನೀನು ಹಾಕಿದ್ದಲ್ಲ," ಅಂದಳು ಅವಳು. ಅವನು ಕಣ್ಣು ಒರೆಸಿಕೊಳ್ಳುವುದನ್ನು ನೋಡದೆ ಹೊರಟುಬಿಟ್ಟಳು.

ಗಲ್ಲಿಗಳಲ್ಲಿ ಆರು. ಉದ್ದ ರಸ್ತೆಯಲ್ಲಿ ಪರದೆ ಏಳು ತೋರಿಸಿತು, ಒಂಬತ್ತು, ಹನ್ನೆರಡು! ಮರಗಳು ಹಿಂದಕ್ಕೆ ಸರಿದವು. ರಸ್ತೆ ಇಳಿಜಾರಾಗಿ ತಿರುವು ಎದುರಾಯಿತು.

ಆಗ ಎದೆ ಡವಗುಟ್ಟಿತು. ಅಂಗೈ ಬೆವರಿತು. ಬೇಡ, ಬೇಡ, ಇಷ್ಟು ಜೋರು ಬೇಡ... ಅವಳ ಹೆಬ್ಬೆರಳು ತಾನಾಗಿ ಸಡಿಲಿತು. ತಿರುವು ಇನ್ನೂ ಹತ್ತು ಮಾರು ದೂರವಿತ್ತು. ಗಾಡಿ ನಾಲ್ಕಕ್ಕೆ ಇಳಿದು ಮೆಲ್ಲಗೆ ತಿರುಗಿ ಆಚೆ ಬಂದಿತು.

ಅವಳು ರಸ್ತೆ ಬದಿಗೆ ನಿಲ್ಲಿಸಿಕೊಂಡು ಒಂದು ನಿಮಿಷ ಹಾಗೇ ಕುಳಿತಳು. ಕಾಲು ಎಂದಿನಂತೆ ಮರಗಟ್ಟಿಯೇ ಇತ್ತು. ಕೈ ಮಾತ್ರ ನಡುಗುತ್ತಿತ್ತು.

ಕಚೇರಿಯ ಇಳಿಜಾರು ಕಟ್ಟೆಯ ಬಳಿ ಅವನು ನಿಂತಿದ್ದ.

"ಎರಡು ಗಂಟೆ ಐವತ್ತು ನಿಮಿಷ!" ಎಂದು ಮೇಡಂ ಕಿಟಕಿಯಿಂದಲೇ ಕೂಗಿದರು. ಅವನ ಮುಖ ಅರಳಿತು. ಅವಳು ಗಾಡಿಯನ್ನು ಅವನ ಪಕ್ಕಕ್ಕೇ ತಂದು ನಿಲ್ಲಿಸಿದಳು.

"ಇಳಿಜಾರಲ್ಲಿ ಹೆದರಿಕೆ ಆಯ್ತು," ಅಂದಳು ಮೆಲ್ಲಗೆ.

"ನಿಜವಾಗ್ಲೂ?"

"ತುಂಬಾ. ಬಿದ್ಬಿಟ್ರೆ ಇಲ್ಲಿ ನಿಂತಿರೋರಿಗೆ ಏನು ಹೇಳೋದು ಅಂತ..."

ಅವನ ಕಣ್ಣು ತುಂಬಿಬಂತು. ಎಣ್ಣೆಮಸಿಯ ಕೈಯನ್ನು ಮುಂದೆ ಚಾಚಲೋ ಬೇಡವೋ ಎಂದು ಅರ್ಧಕ್ಕೇ ನಿಲ್ಲಿಸಿದ. ಅವಳೇ ಹಿಡಿದುಕೊಂಡಳು.

"ನಾಳೆಯಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಹೊರಡ್ತೀನಿ," ಅಂದಳು. "ಬಾ."

"ಬಾ?" ಅವನು ಬೆರಗಾಗಿ ನೋಡಿದ. "ನಿನ್ನೆ ತನಕ 'ಬನ್ನಿ' ಅಂತಿದ್ರಿ..."

"ನೀನೂ ಬಿಡು ಆ 'ರಿ'ನ."

ಅವನು ಹೊಸ ಮಾತು ಕಲಿಯುವವನ ಹಾಗೆ, ಮೆಲ್ಲಗೆ ಅಂದ.

"ಬರ್ತೀನಿ ಕಣೇ."