ಹಿಂದಿನ ಸೀಟಿನ ಭಾರ

ಟೇಕಲ್ ಬೆಟ್ಟದ ತಪ್ಪಲಿನಲ್ಲಿ ಜನರಿಗೆ ಎಟಿವಿ ಎಂಬ ನಾಲ್ಕು ದಪ್ಪ ಚಕ್ರಗಳ ಬೆಟ್ಟದ ಗಾಡಿ ಓಡಿಸುವುದನ್ನು ಕಲಿಸುವುದು ನನ್ನ ಕೆಲಸ. ಆ ಸಂಜೆ ನಿಂತಲ್ಲೇ ಕಣ್ಣು ಎಳೆಯುವಷ್ಟು ದಣಿದಿದ್ದೆ. ಕೊನೆಯವರು ಶ್ರೀನಿವಾಸಪುರದ ಅನಿತ ಮೇಡಂ. ಅವರಿಗೆ ಹೆಲ್ಮೆಟ್ ಬಿಗಿದು, ಒಬ್ಬರನ್ನೇ ಕಳಿಸಿದೆ. ಏರಿನ ಅರ್ಧದಲ್ಲೇ ಗಾಡಿ ನಿಲ್ಲಿಸಿ ಕೂಗಿದರು.

"ಮುರಳಿ ಅಣ್ಣಾ, ಹಿಂದೆ ಕೂತಿರೋರನ್ನ ಇಳಿಸ್ಕೊಳ್ಳಿ. ನನ್ನ ಭುಜ ಬಿಡ್ತಾನೇ ಇಲ್ಲ, ಕೈ ಐಸ್ ಥರ ಇದೆ."

ಏದುಸಿರು ಬಿಡುತ್ತಾ ಹತ್ತಿ ಹೋದೆ.

"ಯಾರೂ ಇಲ್ವಲ್ಲ ಮೇಡಂ."

ಅವರು ತಿರುಗಿಯೂ ನೋಡದೆ ಇಳಿದು, ಕೆಳಗೆ ನಡೆದೇಬಿಟ್ಟರು.

ಗಾಡಿಯನ್ನು ನಾನೇ ತಂದೆ. ಇಳಿಜಾರಿನಲ್ಲಿ ಹಿಂದಕ್ಕೆ ವಾಲಬೇಕು, ವಾಲಿದೆ. ಬೆನ್ನಿಗೆ ಒದ್ದೆ ಬಟ್ಟೆಯಂಥ ತಂಪು ತಾಗಿತು. ಹೆದರುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ.

ಶೆಡ್ಡಿನಲ್ಲಿ ಎಂಜಿನ್ ಆರಿಸಿ ಇಳಿದೆ. ಗಾಡಿಯ ಹಿಂಭಾಗ ಕುಸಿದೇ ಇತ್ತು. ನಾನು ಬಾಗಿಲು ದಾಟಿದ ಮೇಲೆ ಅದರ ಸ್ಪ್ರಿಂಗು ಕಿರ್ರೆಂದು, ನಿಧಾನವಾಗಿ ಮೇಲೆದ್ದಿತು.